ಸಾಗವಾನಿ ಕೆತ್ತನೆಗೆ ಉಳಿ: ಸೆಟ್ ತಗೊಳ್ಳೋದಾ, ಬಿಡಿಬಿಡಿಯಾಗಿ ತಗೊಳ್ಳೋದಾ?

ಕೆತ್ತನೆ_ಹುಬ್ಬಳ್ಳಿ
ನಮಸ್ಕಾರ ಎಲ್ಲರಿಗೂ. ದೇವರ ಕೋಣೆಯ ಬಾಗಿಲಿಗೆ ಬಳ್ಳಿ, ಕಮಲ ಕೆತ್ತಬೇಕು ಅಂತ ಸಾಗವಾನಿ ಹಲಗೆ ತಂದಿದ್ದೇನೆ. ಪೇಟೆಯಲ್ಲಿ 12 ಉಳಿಗಳ ಸೆಟ್ ಕಡಿಮೆ ರೇಟಿಗೆ ಸಿಕ್ಕಿತು, ಆದರೆ ಸ್ವಲ್ಪ ಹೊತ್ತು ಕೆತ್ತಿದರೆ ಸಾಕು ಬಾಯಿ ಮಡಚಿಕೊಳ್ಳುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರ್‌ಗೆ ಹಿಡಿಸಿದ ಮೇಲೆ ತುದಿಯಲ್ಲಿ ನೀಲಿ ಬಣ್ಣ ಬೇರೆ ಬಂದಿದೆ. ಇದನ್ನೇ ಸರಿ ಮಾಡಬಹುದಾ? ಹೊಸದು ತಗೊಂಡರೆ ಯಾವ್ಯಾವುದು ಬೇಕು?

ಧಾರವಾಡ_ಕಟ್ಟಿಗೆಕೆಲಸ
ನೀಲಿ ಬಂತು ಅಂದರೆ ಅಷ್ಟು ಭಾಗದ ಹದ, ಅಂದರೆ ಉಕ್ಕಿನ ಗಡಸುತನ, ಹೋಯಿತು ಅಂತಲೇ ಅರ್ಥ. ಮಾಮೂಲಿ ಕಾರ್ಬನ್ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ಬಣ್ಣ ಬರುತ್ತದೆ, ಆಮೇಲೆ ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ. ಆದರೆ ಉಳಿ ಪೂರ್ತಿ ಕೆಟ್ಟಿಲ್ಲ. ನೀಲಿ ಇರುವಷ್ಟನ್ನು ಕೈಯಿಂದಲೇ ಕಲ್ಲಿನ ಮೇಲೆ ಸವೆಸಿ ತೆಗೆಯಿರಿ, ಗ್ರೈಂಡರ್ ಹಿಡಿಯಲೇಬೇಕಾದರೆ ಮತ್ತೆ ಮತ್ತೆ ನೀರಿಗೆ ಅದ್ದಿ, ಬೆರಳಿಗೆ ಬಿಸಿ ತಾಗಲೇಬಾರದು. ಅಷ್ಟಾದ ಮೇಲೂ ಮಡಚಿದರೆ ಉಕ್ಕೇ ಮೆತ್ತಗಿದೆ, ಅದಕ್ಕೆ ಸಮಯ ಹಾಕಬೇಡಿ. ಬಾಯಿಯ ಇಳಿಜಾರು, ಅಂದರೆ ಮಸೆದ ಓರೆಯ ಕೋನ, ನೋಡಿಕೊಂಡಿರಾ? ಸಾಗವಾನಿಗೆ 25 ಡಿಗ್ರಿ ಹತ್ತಿರ ಇರಲಿ. ತೀರಾ ತೆಳ್ಳಗೆ ಮಾಡಿದರೆ ಒಳ್ಳೆಯ ಉಳಿಯೂ ಮಡಚುತ್ತದೆ, ಇಲ್ಲವೇ ಚೂರು ಹಾರುತ್ತದೆ. ಈ ಮರದಲ್ಲಿ ಸಿಲಿಕಾ ಇರುತ್ತದೆ, ಬಾಯಿ ಬೇಗ ಮೊಂಡಾಗುವುದಕ್ಕೆ ಅದೂ ಕಾರಣ.

ಗದಗ_ಉಳಿಕೊಡತಿ
ಅಣ್ಣಾ, ಸೆಟ್ಟಿನ ಆಸೆ ಬಿಡಿ. ಬಳ್ಳಿ, ಕಮಲಕ್ಕೆ ನಾಲ್ಕೈದು ಉಳಿ ಸಾಕು, ಆದರೆ ಅವು ಒಳ್ಳೆಯ ಉಕ್ಕಿನವಾಗಿರಬೇಕು. ಕಂಪನಿ ಉಳಿಗಳ ಮೇಲೆ ನಂಬರ್ ಇರುತ್ತದಲ್ಲ, ಬಾಗಿದ ಉಳಿಯಲ್ಲಿ (ಬಾಯಿ ಕಮಾನಿನಂತೆ ಇರುವುದು) 3 ಅಂದರೆ ಹೆಚ್ಚುಕಡಿಮೆ ಚಪ್ಪಟೆ, 9 ಅಂದರೆ ಅರ್ಧ ವೃತ್ತ. ಎಸಳು ನಯ ಮಾಡಲು 3, ಬಳ್ಳಿಯ ತಿರುವಿಗೆ 5 ಮತ್ತು 7, ಎಲೆಯ ನರಕ್ಕೆ ವಿ ಆಕಾರದ್ದು, ತಳ ಸಮ ಮಾಡಲು ಒಂದು ಚಪ್ಪಟೆ ಉಳಿ. ನಿಮ್ಮ ಕಡೆ ಕುಲುಮೆ ಹಾಕುವ ಕಮ್ಮಾರರು ಇದ್ದರೆ ಲಾರಿಯ ಹಳೆ ಲೀಫ್ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸಿ, ಹದ ಬಲ್ಲವರ ಕೈಯಲ್ಲಿ ಅದು ಚೆನ್ನಾಗಿ ಬರುತ್ತದೆ, ಹಿಡಿಯ ದಪ್ಪವೂ ನಿಮ್ಮ ಕೈಗೆ ತಕ್ಕಂತೆ ಆಗುತ್ತದೆ. ಹೊಡೆಯಲು ಕಟ್ಟಿಗೆಯ ಕೊಡತಿಯೇ ಇರಲಿ, ಕಬ್ಬಿಣದ ಸುತ್ತಿಗೆ ಬೇಡ, ಹಿಡಿ ಸೀಳುತ್ತದೆ.

ಕೆತ್ತನೆ_ಹುಬ್ಬಳ್ಳಿ
ಇಬ್ಬರಿಗೂ ಧನ್ಯವಾದ. ಚಪ್ಪಟೆ ಉಳಿ ಮಸೆಯಲು ಬರುತ್ತದೆ, ಬಾಗಿದ ಉಳಿಯ ಒಳಮೈ ಹೇಗೆ?

ಹಾವೇರಿ_ಅಕ್ಕ
ತಮ್ಮಾ, ಮೊದಲು ಹೊರಮೈ. 1000 ಗ್ರಿಟ್ ಕಲ್ಲಿನ ಮೇಲೆ ಉಳಿಯನ್ನು ಅಡ್ಡಕ್ಕೆ ಇಟ್ಟು, ಮಣಿಕಟ್ಟು ತಿರುಗಿಸುತ್ತಾ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಉರುಳಿಸಿ. ನಡುವೆ ಒತ್ತಡ ಜಾಸ್ತಿ ಬಿದ್ದರೆ ಬಾಯಿ ಒಳಕ್ಕೆ ಸವೆಯುತ್ತದೆ. ಒಳಗಡೆ ಬೆರಳಿಗೆ ಸಣ್ಣ ಸಿಬಿರು (ಮಸೆದಾಗ ಅಂಚಿನಲ್ಲಿ ಏಳುವ ಉಕ್ಕಿನ ಎಳೆ) ಸಿಕ್ಕಾಗ ನಿಲ್ಲಿಸಿ. ಆಮೇಲೆ ಉಳಿಯ ಬಾಗಿಗೆ ಹೊಂದುವ ದುಂಡನೆ ಕಟ್ಟಿಗೆ ತುಂಡಿಗೆ ನುಣುಪಾದ ಎಮರಿ ಪೇಪರ್ ಸುತ್ತಿ, ಒಳಮೈಯಲ್ಲಿ ಮೆಲ್ಲಗೆ ಎಳೆದು ಆ ಸಿಬಿರು ತೆಗೆಯಿರಿ. ಕೊನೆಗೆ ಹಳೆ ಚರ್ಮದ ಬೆಲ್ಟನ್ನು ಹಲಗೆಗೆ ಅಂಟಿಸಿ, ಹಸಿರು ಪಾಲಿಶ್ ಪೇಸ್ಟ್ ಹಚ್ಚಿ ಉಜ್ಜಿ, ಯಾವಾಗಲೂ ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ತಳ್ಳಿದರೆ ಚರ್ಮ ಕೊಯ್ಯುತ್ತದೆ. ಕೆತ್ತುವಾಗ ನಡುನಡುವೆ ಇದನ್ನೇ ಮಾಡುತ್ತಿದ್ದರೆ ಕಲ್ಲಿನ ಕೆಲಸ ಅಪರೂಪಕ್ಕೆ ಬರುತ್ತದೆ.

ಮರದ ಎಳೆಗೆ ಅಡ್ಡಲಾಗಿ ಒಂದು ತುಂಡು ಕೊಯ್ದು ನೋಡಿ. ಕೊಯ್ದ ಜಾಗ ಹೊಳೆದರೆ ಬಾಯಿ ಸರಿ ಇದೆ, ಬಿಳಿ ಗೀರು ಬಿದ್ದರೆ ಬಾಯಲ್ಲಿ ಎಲ್ಲೋ ಚೂರು ಹಾರಿದೆ. ಮಳೆಗಾಲದಲ್ಲಿ ಉಳಿಗೆ ಮೆಷಿನ್ ಎಣ್ಣೆ ತೆಳ್ಳಗೆ ಸವರಿ, ಒಂದಕ್ಕೊಂದು ತಾಗದಂತೆ ಬಟ್ಟೆಯಲ್ಲಿ ಸುತ್ತಿಡಿ.