ಹಣ್ಣು ಮತ್ತು ಹಸಿ ಸೊಪ್ಪಿನ ಸಲಾಡ್ ಮಧ್ಯಾಹ್ನದವರೆಗೆ ಕೆಡದಂತೆ ಮಾಡುವುದು ಹೇಗೆ?

ಪ್ರಶ್ನೆ (ಹಾಸನದಿಂದ)

ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಕಡಿಮೆಯಿದೆಯೆಂದು ತಿಳಿದುಬಂದು, ವೈದ್ಯರು ಕಬ್ಬಿಣದ ಮಾತ್ರೆಯ ಜೊತೆಗೆ ಸೊಪ್ಪು ಮತ್ತು ಹಣ್ಣನ್ನು ದಿನವೂ ಕೊಡುವಂತೆ ಹೇಳಿದ್ದಾರೆ. ಬಸ್ಸಾರು, ಮಸ್ಸೊಪ್ಪು ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನವಾದರೂ ಇರುತ್ತದೆ. ಆದರೆ ಅವಳು ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸಿ, ಸಾರಿನಲ್ಲಿ ಮುದ್ದೆಯನ್ನು ಮಾತ್ರ ಉಣ್ಣುತ್ತಾಳೆ. ಹಣ್ಣಿನ ಜೊತೆ ಬೆರೆಸಿ ಹಸಿಯಾಗಿ ಕೊಟ್ಟರೆ ತಿಂದಾಳು ಎಂದುಕೊಂಡು ಸೋಮವಾರ ಬೆಳಿಗ್ಗೆ ಒಂದು ಕಟ್ಟು ಪಾಲಕ್, ಎರಡು ಕಿತ್ತಳೆ ಮತ್ತು ಒಂದು ಹಿಡಿ ದಾಳಿಂಬೆಗೆ ಉಪ್ಪು, ಮೆಣಸಿನ ಪುಡಿ, ಎರಡು ಚಮಚ ಮೊಸರು ಬೆರೆಸಿ ಡಬ್ಬಿಗೆ ಹಾಕಿದೆ. ಒಂದು ಗಂಟೆಗೆ ಅವಳು ಡಬ್ಬಿ ತೆರೆದಾಗ ತಳದಲ್ಲಿ ಕಾಲು ಲೋಟದಷ್ಟು ನೀರು ನಿಂತಿತ್ತಂತೆ. ಎಲೆಗಳು ಬೇಯಿಸಿದಂತೆ ಮೆತ್ತಗಾಗಿದ್ದವು, ಬೆಳಿಗ್ಗೆ ಸಿಹಿಯಾಗಿದ್ದ ಕಿತ್ತಳೆ ಕಹಿಯಾಗಿತ್ತು.

ನಮ್ಮ ಅತ್ತೆಯವರು ಸೊಪ್ಪನ್ನು ಹಸಿಯಾಗಿ ತಿನ್ನಲೇಬಾರದು ಎನ್ನುತ್ತಾರೆ. ಅವರ ಮಾತಿನಲ್ಲಿ ಎಷ್ಟು ನಿಜವಿದೆ? ಹಿತ್ತಿಲಿನಲ್ಲಿ ಚಕ್ರಮುನಿ ಸೊಪ್ಪು ಧಾರಾಳವಾಗಿದೆ, ಅದನ್ನು ಬಳಸಬಹುದೇ? ಹತ್ತು ನಿಮಿಷದಲ್ಲಿ ಮುಗಿಯುವ ಮತ್ತು ಮಧ್ಯಾಹ್ನದವರೆಗೆ ನಿಲ್ಲುವ ವಿಧಾನವನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಮೂಡಿಗೆರೆಯಿಂದ)

ನೀವು ಆರಿಸಿದ ಹಣ್ಣಾಗಲಿ ಸೊಪ್ಪಾಗಲಿ ತಪ್ಪಲ್ಲ, ಉಪ್ಪು ಹಾಕಿದ ಹೊತ್ತು ತಪ್ಪು. ಎಲೆಯೊಳಗಿನ ನೀರನ್ನು ಉಪ್ಪು ಹೊರಕ್ಕೆ ಎಳೆಯುತ್ತದೆ. ಸೌತೆಕಾಯಿ ಕೋಸಂಬರಿಗೆ ಮೊದಲೇ ಉಪ್ಪು ಬೆರೆಸಿಟ್ಟರೆ ನೀರು ಬಿಡುವುದೂ ಇದೇ ಕಾರಣಕ್ಕೆ, ಆದ್ದರಿಂದಲೇ ನಮ್ಮ ಹಿರಿಯರು ಊಟದ ಎಲೆ ಹಾಕಿದ ಮೇಲೆ ಕೋಸಂಬರಿಗೆ ಉಪ್ಪು ಬೆರೆಸುತ್ತಿದ್ದರು. ಡಬ್ಬಿಗೆ ಕಳಿಸುವಾಗ ಉಪ್ಪು, ಮೆಣಸಿನ ಪುಡಿ ಮತ್ತು ನಿಂಬೆರಸವನ್ನು ಉಪ್ಪಿನಕಾಯಿ ಹಾಕಿಕೊಡುವಂಥ ಪುಟ್ಟ ಡಬ್ಬಿಯಲ್ಲಿ ಬೇರೆಯಾಗಿ ಕೊಡಿ, ತಿನ್ನುವಾಗ ಅವಳೇ ಬೆರೆಸಿಕೊಳ್ಳಲಿ.

ಕಿತ್ತಳೆಯ ಕಹಿಗೂ ಕಾರಣವಿದೆ. ತೊಳೆಯ ಮೇಲಿನ ಪೊರೆ ಮತ್ತು ಬೀಜ ಕತ್ತರಿಸಿಹೋದರೆ, ಹುಳಿ ಜಾತಿಯ ಹಣ್ಣುಗಳಲ್ಲಿರುವ ಲಿಮೋನಿನ್ ಎಂಬ ಕಹಿ ಪದಾರ್ಥ ರಸದಲ್ಲಿ ನಿಧಾನವಾಗಿ ಹುಟ್ಟಿಕೊಳ್ಳುತ್ತದೆ. ಹಿಂಡಿದ ಕೂಡಲೇ ಸಿಹಿಯಾಗಿದ್ದ ರಸ ಒಂದೆರಡು ಗಂಟೆ ಇಟ್ಟರೆ ಕಹಿಯಾಗುವುದನ್ನು ನೀವೂ ಗಮನಿಸಿರಬಹುದು. ನಮ್ಮ ಕಾಫಿ ತೋಟಗಳ ಕಿತ್ತಳೆಯಲ್ಲಿ ಬೀಜ ಹೆಚ್ಚಿರುವುದರಿಂದ ಚಾಕುವನ್ನು ಮುಟ್ಟಿಸಲೇಬಾರದು. ತೊಳೆಗಳನ್ನು ಇಡಿಯಾಗಿ ಬಿಡಿಸಿ, ಬಿಳಿ ನಾರನ್ನು ಮಾತ್ರ ತೆಗೆದು ಹಾಕಿ. ಬೀಜವನ್ನು ತಿನ್ನುವಾಗ ಉಗಿದರಾಯಿತು.

ಇನ್ನು ಸೊಪ್ಪಿನ ವಿಷಯ. ಪಾಲಕ್‌ಗಿಂತ ಒಂದೆಲಗ ಈ ಕೆಲಸಕ್ಕೆ ಎಷ್ಟೋ ಮೇಲು, ಏಕೆಂದರೆ ಅದನ್ನು ನಾವು ತಂಬುಳಿಗೂ ಚಟ್ನಿಗೂ ಹಸಿಯಾಗಿಯೇ ಅರೆಯುತ್ತ ಬಂದಿದ್ದೇವೆ. ನನ್ನ ಅಳತೆ ಹೀಗಿದೆ: ಇಬ್ಬರಿಗೆ ಎರಡು ಹಿಡಿ ಎಳೆಯ ಒಂದೆಲಗ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಎರಡೇ ಎರಡು ದೊಡ್ಡಪತ್ರೆ ಎಲೆ (ಮೂರನೆಯದನ್ನು ಹಾಕಿದರೆ ಅದರ ಘಾಟು ಉಳಿದೆಲ್ಲವನ್ನೂ ನುಂಗಿಬಿಡುತ್ತದೆ), ಎರಡು ಕಿತ್ತಳೆಯ ತೊಳೆ, ಅರ್ಧ ಗಂಟೆ ನೆನೆಸಿ ಬಸಿದ ಹೆಸರುಬೇಳೆ ಅರ್ಧ ಬಟ್ಟಲು, ಕಾಯಿತುರಿ ಮೂರು ಚಮಚ. ಎಲೆಯನ್ನು ಕೈಯಲ್ಲಿ ಹರಿದರೆ ಸಾಕು, ಮೊಂಡು ಚಾಕುವಿನಲ್ಲಿ ಕೊಚ್ಚಿದರೆ ಅಂಚು ಜಜ್ಜಿ ಕಪ್ಪಾಗುತ್ತದೆ. ಕಾಯಿತುರಿ ರುಚಿಗೆ ಮಾತ್ರವಲ್ಲ, ಹಸಿರೆಲೆಯಲ್ಲಿರುವ ಕ್ಯಾರೊಟಿನ್ (ದೇಹದಲ್ಲಿ ಎ ಜೀವಸತ್ವವಾಗುವ ಪದಾರ್ಥ) ದೇಹಕ್ಕೆ ಸೇರಬೇಕಾದರೆ ಜೊತೆಯಲ್ಲಿ ಸ್ವಲ್ಪ ಜಿಡ್ಡು ಇರಬೇಕು.

ಇದರಲ್ಲಿ ನಿಜವಾಗಿ ಹೊತ್ತು ಹಿಡಿಯುವ ಕೆಲಸ ಎಲೆಯನ್ನು ಒಣಗಿಸುವುದು, ಅದನ್ನು ಹಿಂದಿನ ರಾತ್ರಿಯೇ ಮುಗಿಸಿಕೊಳ್ಳಿ. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಎಲೆಯನ್ನು ಅದರಲ್ಲಿ ಅಲುಗಾಡಿಸಿ, ಕೈಯಿಂದ ಮೇಲಕ್ಕೆ ಎತ್ತಿಕೊಳ್ಳಬೇಕು. ನೀರನ್ನು ಬಗ್ಗಿಸಿ ಬಸಿದರೆ ತಳಕ್ಕಿಳಿದ ಮಣ್ಣು ಮರಳಿ ಎಲೆಗೇ ಬಂದು ಕೂರುತ್ತದೆ. ಹೀಗೆ ನೀರು ಬದಲಿಸಿ ಮೂರು ಬಾರಿ ಮಾಡಿ. ಒಂದೆಲಗ ಗದ್ದೆಯ ಬದುವಿನಲ್ಲಿ, ಕೆಸರಿನಲ್ಲಿ ನೆಲಕ್ಕಂಟಿ ಬೆಳೆಯುವುದರಿಂದ ನಾನು ತೊಟ್ಟಿನ ಬುಡವನ್ನು ಒಂದೊಂದಾಗಿ ಹರಿಯುವ ನೀರಿಗೆ ಹಿಡಿದು ನೋಡುತ್ತೇನೆ, ಮಳೆಗಾಲದಲ್ಲಿ ಅಲ್ಲಿ ಪುಟ್ಟ ಇಂಬಳಗಳೂ ಇರುತ್ತವೆ. ಆಮೇಲೆ ಹಳೆಯ ಪಂಚೆಯ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಅರ್ಧ ಗಂಟೆ ಬಿಟ್ಟು, ಅದೇ ಬಗೆಯ ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಗರಿಗರಿಯಾಗಿರುತ್ತದೆ. ಬೆಳಿಗ್ಗೆ ಹರಿದು ಬೆರೆಸುವುದಷ್ಟೇ ಉಳಿಯುತ್ತದೆ.

ಉತ್ತರ 2 (ಚಿಕ್ಕಮಗಳೂರಿನಿಂದ)

ನಾನು ಬಹಳ ವರ್ಷ ಆಹಾರ ವಿಜ್ಞಾನವನ್ನು ಕಲಿಸಿದವಳು. ಚಕ್ರಮುನಿಯ ಬಗ್ಗೆ ಕೇಳಿರುವುದರಿಂದ ಮೊದಲು ಅದನ್ನೇ ಹೇಳುತ್ತೇನೆ: ದಯವಿಟ್ಟು ಅದನ್ನು ಹಸಿಯಾಗಿ ದಿನವೂ ಕೊಡಬೇಡಿ. 1990ರ ದಶಕದ ನಡುವಿನಲ್ಲಿ ತೈವಾನ್‌ನಲ್ಲಿ ಮೈತೂಕ ಇಳಿಸುವ ಆಸೆಯಿಂದ ಅನೇಕರು ಇದೇ ಗಿಡದ ಹಸಿ ಎಲೆಯ ರಸವನ್ನು ವಾರಗಟ್ಟಲೆ ಕುಡಿದು, ಶ್ವಾಸಕೋಶದ ಸಣ್ಣ ನಾಳಗಳು ಮತ್ತೆ ಸರಿಯಾಗದಂತೆ ಮುಚ್ಚಿಹೋಗುವ ಕಾಯಿಲೆಗೆ ತುತ್ತಾದರು. ಕೆಲವರಿಗೆ ಶ್ವಾಸಕೋಶದ ಕಸಿಯನ್ನೇ ಮಾಡಬೇಕಾಯಿತು. ನಮ್ಮ ಪದ್ಧತಿಯಂತೆ ಬೇಯಿಸಿ ಪಲ್ಯಕ್ಕೋ ಸಾರಿಗೋ ಮಿತವಾಗಿ ಹಾಕುವುದು ಬೇರೆ ಮಾತು. ಕೆಸುವಿನ ಎಲೆಯೂ ಹಸಿಯಾಗಿ ತಿನ್ನುವಂಥದ್ದಲ್ಲ, ಅದರ ಆಕ್ಸಲೇಟ್ ಹರಳುಗಳು ಬಾಯಿ ಗಂಟಲನ್ನೆಲ್ಲ ತುರಿಸುತ್ತವೆ. ಪಾಲಕ್‌ನಲ್ಲಿಯೂ ಆಕ್ಸಲೇಟ್ ಹೆಚ್ಚಾಗಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ಅದನ್ನು ದಿನವೂ ಹಸಿಯಾಗಿ ತಿನ್ನಬಾರದು.

ಆದ್ದರಿಂದ ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಕೊಳಕು ನೀರಿನಿಂದ ಸೊಪ್ಪಿನ ಮೂಲಕ ಜಂತುಹುಳು, ವಿಷಮಶೀತ ಜ್ವರ ಬರುತ್ತಿದ್ದ ಕಾಲದಲ್ಲಿ ಬೇಯಿಸಿಯೇ ತಿನ್ನಬೇಕೆಂಬ ನಿಯಮ ಎಷ್ಟೋ ಮನೆಗಳನ್ನು ಕಾಪಾಡಿದೆ. ಎಲ್ಲಿಂದ ಬಂದದ್ದೆಂದು ಗೊತ್ತಿಲ್ಲದ ಸೊಪ್ಪಿಗೆ ಅದು ಇಂದಿಗೂ ಸರಿಯಾದ ನಿಯಮ. ಮನೆಯ ಕುಂಡದಲ್ಲಿ ಬೆಳೆದ ಕೊತ್ತಂಬರಿ, ಪುದೀನ, ಎಳೆಯ ಮೆಂತ್ಯ, ಒಂದೆಲಗ ಇವುಗಳಿಗೆ ಆ ಭಯ ಕಡಿಮೆ.

ಮಗಳ ರಕ್ತಹೀನತೆಯ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಒಂದು ಹಿಡಿ ಹಸಿ ಎಲೆಯಿಂದ ಸಿಗುವ ಕಬ್ಬಿಣ ತೀರ ಸ್ವಲ್ಪ, ಪಾಲಕ್‌ನಲ್ಲಿರುವುದಂತೂ ದೇಹಕ್ಕೆ ದಕ್ಕುವುದು ಇನ್ನೂ ಕಡಿಮೆ. ಈ ಸಲಾಡ್‌ನಲ್ಲಿ ಅವಳಿಗೆ ನಿಜವಾಗಿ ಉಪಕಾರ ಮಾಡುವುದು ಹಣ್ಣು. ಸಿ ಜೀವಸತ್ವವಿರುವ ಹಣ್ಣನ್ನು ಊಟದ ಜೊತೆಯಲ್ಲೇ ತಿಂದರೆ ರಾಗಿ, ಕಾಳು, ಬೇಯಿಸಿದ ಸೊಪ್ಪು ಇವುಗಳಲ್ಲಿರುವ ಕಬ್ಬಿಣವನ್ನು ದೇಹ ಹೆಚ್ಚಾಗಿ ಹೀರಿಕೊಳ್ಳುತ್ತದೆ. 100 ಗ್ರಾಂ ಕಿತ್ತಳೆಯಲ್ಲಿ ಈ ಜೀವಸತ್ವ ಸುಮಾರು 50 ಮಿಲಿಗ್ರಾಂ ಇದ್ದರೆ ಅಷ್ಟೇ ತೂಕದ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ದಾಟುತ್ತದೆ. ಹಾಗಾಗಿ ಕಿತ್ತಳೆಯ ಕಾಲ ಮುಗಿದರೂ ಚಿಂತೆ ಬೇಡ, ಸೀಬೆಯನ್ನು ಹೆಚ್ಚಿ, ಕಂದಾಗದಂತೆ ನಾಲ್ಕು ಹನಿ ನಿಂಬೆರಸ ಸವರಿ ಹಾಕಿ. ಊಟದ ಜೊತೆಗೋ ಊಟವಾದ ಕೂಡಲೇ ಕಾಫಿ ಕುಡಿಯುವ ಅಭ್ಯಾಸ ಅವಳಿಗಿದ್ದರೆ ಬಿಡಿಸಿ. ಕಾಫಿಯ ಊರಿನಲ್ಲಿ ಕುಳಿತು ಇದನ್ನು ಹೇಳುವುದು ನನಗೂ ಕಷ್ಟವೇ, ಆದರೆ ಕಾಫಿ, ಟೀ ಎರಡೂ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತವೆ. ಮಾತ್ರೆಯನ್ನಂತೂ ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿ.

ಮನೆಯಲ್ಲಿ ಹಿರಿಯರೂ ಇದನ್ನು ತಿನ್ನುವುದಾದರೆ ಇನ್ನೊಂದು ಎಚ್ಚರ. ಕೊಲೆಸ್ಟರಾಲ್‌ಗೆ ಅಥವಾ ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳ ಜೊತೆ ಚಕ್ಕೋತ ಹಣ್ಣು ಹೊಂದುವುದಿಲ್ಲ. ಮಾತ್ರೆ ನುಂಗುವವರಿಗೆ ಅದನ್ನು ಹಾಕುವ ಮೊದಲು ವೈದ್ಯರನ್ನು ಕೇಳಿ.

ಉತ್ತರ 3 (ಸಕಲೇಶಪುರದಿಂದ)

ಮೊಸರಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಡಬ್ಬಿಗೆ ಮೊಸರು ಬೇಡವೇ ಬೇಡ, ಒಂದು ಗಂಟೆಯ ಹೊತ್ತಿಗೆ ಅದು ಹುಳಿಯಾಗಿ ಎಲೆಯನ್ನೂ ಮೆತ್ತಗಾಗಿಸುತ್ತದೆ. ಅನಾನಸ್ ಹಾಕಿದ ದಿನವಂತೂ ಮುಟ್ಟಬೇಡಿ, ಹಸಿ ಅನಾನಸ್‌ನಲ್ಲಿರುವ ಕಿಣ್ವ ಮೊಸರಿನ ಸಸಾರಜನಕವನ್ನು ಒಡೆದು ಕಹಿ ಮಾಡುತ್ತದೆ. ಮೊಸರಿನ ನುಣುಪು ಬೇಕೆಂದರೆ ನಮ್ಮ ತೋಟಗಳಲ್ಲಿ ಮಳೆಗಾಲಕ್ಕೆ ಬರುವ ಬೆಣ್ಣೆಹಣ್ಣನ್ನು ನಿಂಬೆರಸ, ಹಸಿಮೆಣಸು, ಚಿಟಿಕೆ ಜೀರಿಗೆಪುಡಿಯೊಂದಿಗೆ ಚಮಚದಲ್ಲಿ ಕಿವುಚಿ, ಮನೆಯಲ್ಲಿ ಕೂಡಲೇ ತಿನ್ನುವ ದಿನ ಎಲೆಗೆ ಸವರಿ ನೋಡಿ. ಹಣ್ಣು ತೊಟ್ಟಿನ ಬಳಿ ಒತ್ತಿದರೆ ಸ್ವಲ್ಪ ಬಾಗಬೇಕು, ಗಟ್ಟಿಯಿದ್ದರೆ ಅಕ್ಕಿ ಡಬ್ಬಿಯಲ್ಲಿ ಎರಡು ಮೂರು ದಿನ ಹುದುಗಿಸಿಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ಚಕ್ರಮುನಿಯ ವಿಷಯ ಓದಿ ಮೈ ಜುಮ್ಮೆಂದಿತು, ಗುರುವಾರದ ಡಬ್ಬಿಗೆ ಅದನ್ನೇ ಹಾಕಬೇಕೆಂದಿದ್ದೆ. ಬುಧವಾರ ರಾತ್ರಿ ಒಂದೆಲಗ ಮತ್ತು ಕೊತ್ತಂಬರಿಯನ್ನು ತೊಳೆದು ಪಂಚೆಯ ಮೇಲೆ ಹರಡಿದೆ. ಅತ್ತೆಯವರು ಮೂರನೆಯ ಬಾರಿ ಬದಲಿಸಿದ ನೀರಿನ ತಳವನ್ನು ತಾವೇ ಬಗ್ಗಿ ನೋಡಿ, ಮಣ್ಣಿಲ್ಲವೆಂದು ಖಾತ್ರಿಯಾದ ಮೇಲೆಯೇ ಒಪ್ಪಿದರು. ಬೆಳಿಗ್ಗೆ ಇಡೀ ತೊಳೆಗಳು, ಅರ್ಧ ಸೀಬೆಹಣ್ಣು, ಹೆಸರುಬೇಳೆ, ಕಾಯಿತುರಿ ಬೆರೆಸಲು ಏಳು ನಿಮಿಷ ಸಾಕಾಯಿತು. ಡಬ್ಬಿ ಸಂಜೆ ಖಾಲಿಯಾಗಿ ಬಂತು, ತಳದಲ್ಲಿ ಒಂದು ಚಮಚ ನೀರೂ ಇರಲಿಲ್ಲ. ಒಂದೆಲಗದ ತೊಟ್ಟು ಮಾತ್ರ ನಾರುನಾರಾಗಿತ್ತೆಂದು ಮಗಳು ಹೇಳಿದಳು. ಸಂತೆಯಲ್ಲಿ ಸಿಕ್ಕ ಕಟ್ಟು ಬಲಿತದ್ದಿರಬೇಕು. ಇದನ್ನು ಮನೆಯಲ್ಲೇ ಕುಂಡದಲ್ಲಿ ಬೆಳೆಯಬಹುದೇ?

ಉತ್ತರ 1ರವರಿಂದ ಮತ್ತೊಮ್ಮೆ

ಖಂಡಿತ ಬೆಳೆಯಬಹುದು. ಸಂತೆಯ ಕಟ್ಟಿನಲ್ಲಿಯೇ ಗಂಟಿಗೆ ಬೇರು ಮೂಡಿರುವ ಬಳ್ಳಿ ಎರಡಾದರೂ ಸಿಗುತ್ತದೆ, ಅದನ್ನು ತಿನ್ನದೆ ಎತ್ತಿಡಿ. ಆಳಕ್ಕಿಂತ ಅಗಲ ಹೆಚ್ಚಿರುವ ಕುಂಡದಲ್ಲಿ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ, ಬೇರಿನ ಗಂಟನ್ನು ಒತ್ತಿ ನೆಟ್ಟು, ಬೆಳಗಿನ ಬಿಸಿಲು ಮಾತ್ರ ಬೀಳುವ ಜಾಗದಲ್ಲಿ ಮಣ್ಣು ಎಂದೂ ಒಣಗದಂತೆ ನೋಡಿಕೊಳ್ಳಿ. ಬಳ್ಳಿ ಕುಂಡದ ತುಂಬ ಹರಡಿದ ಮೇಲೆ ಕಾಸಿನಗಲದ ಎಲೆಗಳನ್ನಷ್ಟೇ ಕೊಯ್ಯಿರಿ, ಆ ವಯಸ್ಸಿನ ಎಲೆಗೆ ತೊಟ್ಟಿನಲ್ಲಿ ನಾರಿರುವುದಿಲ್ಲ. ಅಲ್ಲಿಯವರೆಗೆ ಸಂತೆಯ ಕಟ್ಟಿನ ತೊಟ್ಟನ್ನು ಚಿವುಟಿ ಬೇರೆ ಮಾಡಿ, ಚಟ್ನಿಗೆ ಅರೆದುಕೊಳ್ಳಿ.