ಅಪ್‌ಡೇಟ್: ಹಳೇ ಮಷಿನ್ ಈಗ ಚೆನ್ನಾಗಿ ಹೊಲಿಯುತ್ತಿದೆ

ವರ್ಷಗಳ ನಂತರ ಮತ್ತೆ ಹೊಲಿಯಲು ಸೆಕೆಂಡ್ ಹ್ಯಾಂಡ್ ಮಷಿನ್ ತಗೊಂಡಿದ್ದೇನೆ, ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗುತ್ತಿದೆ, ಬಾಬಿನ್ (ಅಡಿಯ ದಾರ ಸುತ್ತಿರುವ ಪುಟ್ಟ ಉರುಳೆ) ಹಾಳಾಗಿದೆಯಾ ಅಂತ ಕೇಳಿದ್ದೆ ಅಲ್ವಾ? ಬಾಬಿನ್ ಸರಿಯಾಗಿಯೇ ಇದೆ! ನೀವು ಹೇಳಿದ ಹಾಗೆ ತೊಂದರೆ ಇದ್ದದ್ದು ಮೇಲಿನ ದಾರದಲ್ಲಿ. ಮೇಲಿನ ದಾರವನ್ನು ಒತ್ತಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಏನೋ ಸಿಕ್ಕಿಕೊಂಡು, ಅವು ದಾರವನ್ನು ಬಿಗಿಯಾಗಿ ಹಿಡಿಯುತ್ತಲೇ ಇರಲಿಲ್ಲ. ಪ್ರೆಷರ್ ಫೂಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಎತ್ತಿದರೆ ಬಿಲ್ಲೆಗಳು ಸಡಿಲವಾಗುತ್ತವೆ. ಆಗ ದಪ್ಪ ದಾರವೊಂದನ್ನು ನಡುವೆ ತೂರಿಸಿ ಹಿಂದೆ ಮುಂದೆ ಎಳೆದೆ. ಎಣ್ಣೆ ಮೆತ್ತಿದ ಕಪ್ಪು ನೂಲಿನ ತುಂಡು ಹೊರಗೆ ಬಂತು!

ಧೂಳು ತೆಗೆದು, ಮಷಿನ್ ಎಣ್ಣೆ ಬಿಟ್ಟು, 14 ನಂಬರಿನ ಹೊಸ ಸೂಜಿ ಹಾಕಿದೆ. ಈಗ ಕಾಟನ್ ಬಟ್ಟೆಯಲ್ಲಿ ಹೊಲಿಗೆ ಎರಡೂ ಕಡೆ ಒಂದೇ ಸಮ ಬೀಳುತ್ತಿದೆ. ನೇರ ಹೊಲಿಗೆ ಕೈಗೆ ಮರೆತಿಲ್ಲ, ತಿರುವುಗಳಲ್ಲಿ ಮಾತ್ರ ನಿಧಾನ. ದಿಂಬಿನ ಕವರ್ ಮುಗಿಯಿತು, ಮುಂದೆ ಲಂಗ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.