ನುಂಗುವ ಸ್ನಾಯುಗಳಿಗೆ ಊದುವ ಉಪಕರಣ: ಯಾರಾದರೂ ಬಳಸಿದ್ದೀರಾ?

ಹಾಸನದ ಮಗಳು:
ಅಪ್ಪನಿಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಯಿತು. ಕೋಲು ಹಿಡಿದು ಓಡಾಡುತ್ತಾರೆ, ಆದರೆ ನುಂಗುವುದೇ ಕಷ್ಟ. ಗಂಜಿ ಹೇಗೋ ಇಳಿಯುತ್ತದೆ, ನೀರು ಕುಡಿದರೆ ಸಾಕು ನೆತ್ತಿಗೆ ಹತ್ತಿ ಕಣ್ಣು ಕೆಂಪಾಗುವವರೆಗೆ ಕೆಮ್ಮುತ್ತಾರೆ, ಈಗ ಬಾಯಾರಿದರೂ ಲೋಟ ಪಕ್ಕಕ್ಕೆ ತಳ್ಳುತ್ತಾರೆ. ಗಂಟಲು ಗಟ್ಟಿಯಾಗಲು ಊದುವ ಉಪಕರಣ ಇದೆಯಂತೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ ಮೂರು ಚೆಂಡಿನ ಡಬ್ಬಿ ಕೊಟ್ಟರು. ಅದೇನಾ ಇದು?

ಸ್ಪೀಚ್ ಥೆರಪಿಸ್ಟ್:
ಅಲ್ಲಮ್ಮಾ. ಮೂರು ಚೆಂಡಿನದು ಉಸಿರು ಒಳಗೆ ಎಳೆಯುವುದಕ್ಕೆ. ನೀವು ಕೇಳುತ್ತಿರುವುದು ಇಎಂಎಸ್‌ಟಿ ಉಪಕರಣ, ಅಂದರೆ ಉಸಿರು ಹೊರಗೆ ಹಾಕುವ ಸ್ನಾಯುಗಳಿಗೆ ಬಲ ಕೊಡುವುದು. ಅದರೊಳಗೆ ಸ್ಪ್ರಿಂಗ್ ಇರುವ ವಾಲ್ವ್ ಇರುತ್ತದೆ, ಜೋರಾಗಿ ಊದಿದರೆ ಮಾತ್ರ ತೆರೆಯುತ್ತದೆ. ಹಾಗೆ ಊದುವಾಗ ಗದ್ದದ ಕೆಳಗಿನ ಸ್ನಾಯುಗಳಿಗೂ ಕೆಲಸ ಬೀಳುತ್ತದೆ, ನುಂಗುವಾಗ ಧ್ವನಿಪೆಟ್ಟಿಗೆಯನ್ನು ಮೇಲೆತ್ತುವುದು ಅವೇ. ಕೆಮ್ಮಿಗೂ ಬಲ ಬರುತ್ತದೆ. ಸಾಮಾನ್ಯವಾಗಿ 5 ಸಲ ಊದುವುದು ಒಂದು ಸುತ್ತು, ದಿನಕ್ಕೆ 5 ಸುತ್ತು, ವಾರಕ್ಕೆ 5 ದಿನ.

ಆದರೆ ಸುಮ್ನೆ ತರಿಸಿ ಶುರು ಮಾಡಬೇಡಿ. ಬಿಪಿ ಹತೋಟಿಯಲ್ಲಿಲ್ಲದಿದ್ದರೆ, ಹರ್ನಿಯಾ ಇದ್ದರೆ ಇದು ಅಪಾಯ. ನುಂಗಿದ್ದು ಎತ್ತ ಹೋಗುತ್ತದೆ ಅಂತ ನೋಡಲು ಮೊದಲು ಬೇರಿಯಂ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಕುಡಿಸಿ ಎಕ್ಸ್‌ರೇ ವಿಡಿಯೊ ತೆಗೆಯುತ್ತಾರೆ, ಇಲ್ಲವೇ ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡುತ್ತಾರೆ. ಅದನ್ನು ಮಾಡಿಸಿ. ಕೆಲವರಿಗೆ ಕೆಮ್ಮೇ ಬರದೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಕುಡಿದ ಮೇಲೆ ದನಿ ಗೊರಗೊರ ಅಂದರೆ ಅನುಮಾನ ಪಡಿ. ನಿಮಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಹತ್ತಿರ ಅಲ್ವಾ?

ತುಮಕೂರಿನಿಂದ:
ಅಕ್ಕಾ, ನಮ್ಮ ಅಮ್ಮನಿಗೆ ಪಾರ್ಕಿನ್ಸನ್. ಥೆರಪಿಸ್ಟ್ ಮೊದಲು ಹೇಳಿಕೊಟ್ಟಿದ್ದು ಮೆತ್ತನೆಯ ರಬ್ಬರ್ ಚೆಂಡಿನ ವ್ಯಾಯಾಮ. ಚೆಂಡನ್ನು ಗದ್ದಕ್ಕೂ ಎದೆಗೂ ನಡುವೆ ಇಟ್ಟು ಗದ್ದದಿಂದ ಅದುಮುವುದು, ಬಿಡುವುದು, 30 ಸಲ. ಆಮೇಲೆ ಅದುಮಿ ಹಾಗೇ ಒಂದು ನಿಮಿಷ ಹಿಡಿಯುವುದು, ಮೂರು ಸಲ. ಮೊದಲ ವಾರ ಎಂಟಕ್ಕೇ ಕುತ್ತಿಗೆ ನೋವು ಅಂತ ಚೆಂಡು ಕೆಳಗಿಡುತ್ತಿದ್ದರು. ನಾನು ಎದುರು ಕೂತು ಟವೆಲ್ ಸುರುಳಿ ಸುತ್ತಿಟ್ಟುಕೊಂಡು ಜೊತೆಗೆ ಮಾಡಿದೆ, ಆಗ ಒಪ್ಪಿಕೊಂಡರು. ಎರಡು ತಿಂಗಳ ಮೇಲೆ ಅನ್ನ ಸಾರು ಕಲಸಿ ತಿನ್ನುವಾಗ ಕೆಮ್ಮು ಕಡಿಮೆಯಾಯಿತು. ನೀರಿಗೆ ಈಗಲೂ ನೆಟ್ಟಗೆ ಕೂರಿಸಿ, ಚಮಚದಲ್ಲೇ ಕೊಡುತ್ತೇನೆ.

ಹಾಸನದ ಮಗಳು:
ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪನ ಬಿಪಿ ಮೊನ್ನೆ 160 ಇತ್ತು, ಊದುವುದು ಸದ್ಯಕ್ಕೆ ಬೇಡ. ನಿನ್ನೆ ರಾತ್ರಿ ಹಾಲು ಕುಡಿದ ಮೇಲೆ ನೀವು ಹೇಳಿದ ಹಾಗೇ ದನಿ ಗೊರಗೊರ ಅಂದಿತು. ಸೋಮವಾರ ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ.